ಬೂಟಿಗೆ ಅಡ್ಡ ಬಂದ ಕಾಲುಂಗುರ

ನೀವಿಬ್ಬರೂ ಈ ಬೇಸಿಗೆ ರಜೆಗೆ ಪಾವಗಡದ ಅಜ್ಜಿಯ ಮನೆಯಲ್ಲಿದ್ದೀರಿ. ಅಲ್ಲಿ ನಿಮ್ಮ ಕಿವಿಗೆ ಒಂದು ಮಾತು ಬಿದ್ದೇ ಇರುತ್ತದೆ. ಮಧುಗಿರಿಯ ಅಜ್ಜಿ ನಿಮ್ಮಮ್ಮನ ಕಾಲುಂಗುರವನ್ನು ತನ್ನ ಕೈಯಾರೆ ಕತ್ತರಿಸಿದಳು ಎಂಬುದು ಆ ಮಾತು. ಅದು ನಿಜ. ಏಕೆ ಕತ್ತರಿಸಿದೆ ಎಂಬುದನ್ನು ಮಾತ್ರ ಯಾರೂ ನಿಮಗೆ ಸರಿಯಾಗಿ ಹೇಳಿರಲಾರರು. ಎದುರು ಕೂರಿಸಿಕೊಂಡು ಹೇಳುವುದು ನನ್ನಿಂದ ಆಗದ ಕೆಲಸ. ನಾಲ್ಕು ಜನ ಸೇರಿದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹೊಳವನಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದನ್ನೇ ನಂಬಿ ಬರೆಯುತ್ತಿದ್ದೇನೆ.

ಎಲ್ಲದಕ್ಕೂ ಮೂಲ ಪಾದ. ನಮ್ಮ ಕಡೆಯ ಹೆಣ್ಣುಮಕ್ಕಳ ಪಾದ ಅಗಲ. ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ನನ್ನ ಕಾಲು ನೋಡಿ, 'ಇದೇನಮ್ಮ, ಮೊರ ಇದ್ದಂಗೈತೆ, ಇವಳು ನಡೆದ ಕಡೆ ರಾಗಿ ಕೇರಬೋದು' ಅಂದಿದ್ದರು. ಹೆಂಗಸರ ಚಪ್ಪಲಿ ನನಗೆ ಯಾವತ್ತೂ ಹಿಡಿಸಿಲ್ಲ. ಗಂಡಸರ ಹವಾಯಿ ಚಪ್ಪಲಿಯಲ್ಲೇ ಇಷ್ಟು ವರ್ಷ ಕಳೆದಿದ್ದೇನೆ. ನಿಮ್ಮಮ್ಮನಿಗೆ ಬಂದದ್ದು ಅದೇ ಪಾದ. ಆದರೆ ಅವಳು ನನ್ನ ಹಾಗೆ ಸೀರೆಯಂಚಿನಲ್ಲಿ ಕಾಲು ಮುಚ್ಚಿಕೊಂಡವಳಲ್ಲ. ಓಡಿದಳು, ಕಬಡ್ಡಿ ಆಡಿದಳು, ಕೊನೆಗೆ ಕೊರಟಗೆರೆ ಕಡೆಯ ಹೈಸ್ಕೂಲಿನಲ್ಲಿ ಆಟದ ಟೀಚರಾದಳು. ಮಕ್ಕಳನ್ನು ಕರೆದುಕೊಂಡು ಮಧುಗಿರಿ ಬೆಟ್ಟ ಹತ್ತಿ ಹತ್ತಿ ಅದರ ರುಚಿ ಹಿಡಿದು, ಹಿಮಾಲಯದಲ್ಲಿ ಹಿಮದ ಬೆಟ್ಟ ಹತ್ತುವ ತರಬೇತಿಗೆ ಅರ್ಜಿ ಹಾಕಿದಳು. ಆಯ್ಕೆಯೂ ಆಯಿತು.

ಮನೆಗೆ ಬಂದು ಹೇಳಿದಾಗ ನಾನು ಅವರೆಕಾಳು ಬಿಡಿಸುತ್ತಿದ್ದೆ.

'ಬಟ್ಟೆ, ಹಗ್ಗ ಎಲ್ಲ ಅಲ್ಲೇ ಕೊಡ್ತಾರಂತೆ ಅಮ್ಮ. ಬೂಟು ಮಾತ್ರ ನಮ್ಮ ಕಾಲಿಗೆ ಸರಿಯಾಗಿರೋದು ನಾವೇ ತಗಂಡು ಹೋಗ್ಬೇಕು. ಬಿಗಿ ಇರೋ ಬೂಟು ಹಾಕ್ಕಂಡು ಮಂಜಿಗೆ ಇಳಿದ್ರೆ ಬೆರಳಿಗೆ ರಕ್ತ ಓಡಲ್ವಂತೆ. ಸೆಟೆದುಹೋಗಿ ಕಪ್ಪಾಗುತ್ತಂತೆ.'

'ಕಪ್ಪಾದ್ರೆ?'

'ತೆಗೀತಾರೆ' ಅಂದಳು. ಅಂದ ಮೇಲೆ ಅವಳಿಗೂ ತಾನು ಯಾರ ಮುಂದೆ ಅದನ್ನು ಹೇಳಿದೆ ಎಂಬುದು ಹೊಳೆದು ಒಳಗೆ ಹೋದಳು.

ನಿಮ್ಮ ತಾತನನ್ನು ನೀವು ನೋಡಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನಿಮ್ಮಮ್ಮನ ಮದುವೆಯಲ್ಲಿ ಬೀಗರ ಎದುರು ಬರಿಗಾಲಲ್ಲಿ ನಿಲ್ಲಬಾರದೆಂದು ಹೊಸ ಶೂ ತಂದು ಹಾಕಿಕೊಂಡರು. ಬಿಗಿಯಾಗಿತ್ತು. ಸಕ್ಕರೆಯಿಂದ ಪಾದ ಮರಗಟ್ಟಿದ್ದರಿಂದ ಅವರಿಗೆ ನೋವೇ ತಿಳಿಯಲಿಲ್ಲ. ಮದುವೆಮನೆಯಿಂದ ಬಂದು ಕಳಚಿದಾಗ ಕಿರುಬೆರಳ ಪಕ್ಕದ ಬೆರಳಲ್ಲಿ ಒಂದು ಬೊಬ್ಬೆ. ಬೊಬ್ಬೆ ಒಡೆಯಿತು, ಬೆರಳು ಮೊದಲು ಕೆಂಪಾಯಿತು, ಆಮೇಲೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಬೆರಳು ತೆಗೆದರು, ಪಾದ ತೆಗೆದರು, ಮೊಣಕಾಲಿನವರೆಗೆ ತೆಗೆದರು. ಆಮೇಲೆ ಅವರೇ ಹೋದರು. ನಮ್ಮ ಮನೆಯಲ್ಲಿ ಸಾವು ಬಂದದ್ದು ಬೆರಳಿನ ದಾರಿಯಿಂದ. ಆದ್ದರಿಂದ ನಿಮ್ಮಮ್ಮ ಹಿಮದ ವಿಷಯ ಹೇಳಿದಾಗ ನನ್ನ ಕಣ್ಣಿಗೆ ಬೆಟ್ಟ ಕಾಣಲಿಲ್ಲ, ಆ ನೇರಳೆ ಬಣ್ಣ ಕಂಡಿತು.

ಬೇಡ ಎಂದು ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಬೂಟು ಸಿಗದಿದ್ದರೆ ಸಿಕ್ಕಿದ್ದರಲ್ಲೇ ಕಾಲು ತುರುಕಿ ಹೊರಟುಬಿಡುವವಳು ಅವಳು. ಅದಕ್ಕೇ ನಾನೂ ಅವಳ ಜೊತೆ ಅಂಗಡಿ ಅಂಗಡಿ ತಿರುಗಿದೆ.

ಕೊರಟಗೆರೆಯಲ್ಲಿ ಶಾಲೆಯ ಮಕ್ಕಳ ಕಪ್ಪು ಶೂ ಬಿಟ್ಟರೆ ಏನಿಲ್ಲ. ಮಧುಗಿರಿಯಲ್ಲಿ ಕಲ್ಲು ಕ್ವಾರಿ ಕೆಲಸದವರು ಹಾಕುವ, ಮುಂದೆ ಕಬ್ಬಿಣದ ತಗಡಿರುವ ಬೂಟು ತೋರಿಸಿದರು. 'ಇದನ್ನ ಹಾಕ್ಕಂಡು ಬೆಟ್ಟ ಹತ್ತೋದಲ್ಲಕ್ಕ, ಬೆಟ್ಟನೇ ಒಡೀಬೋದು' ಎಂದು ಅಂಗಡಿಯವನು ನಕ್ಕ. ಆನ್‌ಲೈನಿನಲ್ಲಿ ತರಿಸಿದ್ದು ಹೆಂಗಸರ ಅಳತೆ, ಮಡಕೆಯ ಬಾಯಿಗೆ ಕುಂಬಳಕಾಯಿ ಇಟ್ಟ ಹಾಗಾಯಿತು. ವಾಪಸು ಕಳಿಸಿದಳು.

ಯಾರೋ ಹೇಳಿದರೆಂದು ಶಿರಾಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಿಂದ ಒಳಗೆ, ಇಕ್ಕಟ್ಟಾದ ಬೀದಿಯಲ್ಲಿ ಹಳೆಯ ಅಂಗಡಿ. ಬಿಳಿ ಗಡ್ಡದ ಸಾಹೇಬರು. ಮಧುಗಿರಿ ಬೆಟ್ಟಕ್ಕೆ ಬರುವ ಹುಡುಗರ ತಂಡವೊಂದಕ್ಕೆ ತರಿಸಿದ್ದರಲ್ಲಿ ಒಂದು ಜೊತೆ ಉಳಿದಿದೆ ಎಂದು ಅಟ್ಟದಿಂದ ಇಳಿಸಿದರು. ಕಂದು ಬಣ್ಣ, ದಪ್ಪ ಅಡಿ, ಕಣಕಾಲು ಮುಚ್ಚುವಷ್ಟು ಎತ್ತರ. ಗಂಡಸರದು, ಮುಂಭಾಗ ಅಗಲ.

'ಬೆಳಿಗ್ಗೆ ಬಂದಿದ್ರೆ ನಾನು ಹಾಕಿ ನೋಡೋಕೆ ಕೊಡ್ತಿರ್ಲಿಲ್ಲ ಬೇಟಿ. ಸಾಯಂಕಾಲಕ್ಕೆ ಕಾಲು ಊದುತ್ತೆ. ಬೆಟ್ಟದಲ್ಲೂ ಊದುತ್ತೆ. ಊದಿದ ಕಾಲಿಗೇ ಅಳತೆ ತಗೋಬೇಕು. ಹಾಕು, ಹಾಕು.'

ನಿಮ್ಮಮ್ಮ ದಪ್ಪ ಕಾಲುಚೀಲ ತೊಟ್ಟು ಕಾಲು ಒಳಗಿಟ್ಟಳು. ಹಿಮ್ಮಡಿ ಕೂತಿತು. ಅಗಲ ಸರಿಯಾಯಿತು. ಅವಳ ಮುಖ ಅರಳಿದ್ದನ್ನು ನೋಡಿದೆ. ಎದ್ದು ನಾಲ್ಕು ಹೆಜ್ಜೆ ಹಾಕಿದವಳು ನಿಂತುಬಿಟ್ಟಳು.

'ಇಲ್ಲೊಂದು ಕಡೆ ಒತ್ತುತ್ತೆ.'

ಸಾಹೇಬರು ಹೆಬ್ಬೆರಳಿನಿಂದ ಬೂಟಿನ ಮೇಲೆ ಒತ್ತಿ ಒತ್ತಿ ನೋಡಿದರು. 'ಇದು ಕಾಲಲ್ಲ ಬೇಟಿ, ಬೆಳ್ಳಿ. ನಿನ್ನ ಕಾಲುಂಗುರ. ತೆಗೆದುಬಿಟ್ರೆ ಈ ಬೂಟು ನಿನಗೇ ಹೊಲಿದ ಹಾಗಿದೆ.'



ಅವು ಈಗಿನ ಹುಡುಗಿಯರು ಹಾಕುವ, ಬಾಯಿ ಬಿಟ್ಟ ತೆಳು ಉಂಗುರಗಳಲ್ಲ. ಪಾವಗಡದ ಅಜ್ಜಿಯ ಅತ್ತೆಯ ಕಾಲದಿಂದ ಬಂದವು. ಒಂದೊಂದೂ ಮೂರು ಸುತ್ತು, ದಪ್ಪ ಬೆಳ್ಳಿ, ಬಾಯಿ ಬೆಸೆದದ್ದು. ಮದುವೆಯಲ್ಲಿ ನಿಮ್ಮಪ್ಪ ತೊಡಿಸಿದ ಮೇಲೆ ಅವು ಬೆರಳಿನಿಂದ ಹೊರಗೆ ಬಂದಿರಲಿಲ್ಲ. ಗಂಡನಿರುವ ಹೆಂಗಸು ಕಾಲುಂಗುರ ತೆಗೆಯುವುದಿಲ್ಲ. ತೆಗೆಯುವ ದಿನ ಒಂದೇ. ಆ ದಿನವೂ ಅವಳು ತಾನಾಗಿ ತೆಗೆಯುವುದಿಲ್ಲ. ಮೊದಲೇ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಹೆಂಗಸು ಬಂದು ಎಳೆಯುತ್ತಾಳೆ. ನನ್ನದನ್ನು ನಮ್ಮ ಬೀದಿಯ ಮುದುಕಿಯೊಬ್ಬಳು ಹಿತ್ತಲಿನ ನಲ್ಲಿಯ ಹತ್ತಿರ ಸೋಪು ಹಚ್ಚಿ ಎಳೆದಿದ್ದಳು.

'ಬ್ಯಾಡ ಸಾಹೇಬ್ರೆ, ಬೇರೆ ನೋಡ್ತೀವಿ' ಅಂದಳು ನಿಮ್ಮಮ್ಮ.

'ಹಂಗಾದ್ರೆ ಒಂದು ಅಳತೆ ದೊಡ್ಡದು ತಗೋ. ಉಂಗುರಕ್ಕೂ ಜಾಗ ಆಗುತ್ತೆ' ಎಂದು ಅವರು ಬೂಟನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಅವರ ಹತ್ತಿರ ದೊಡ್ಡದಿರಲಿಲ್ಲ. ಅವಳು ಮನೆಗೆ ಬಂದು ಫೋನಿನಲ್ಲೇ ತರಿಸಿದಳು.

ಬಂದ ಬೂಟಿನಲ್ಲಿ ಉಂಗುರಕ್ಕೆ ಜಾಗವಿತ್ತು. ಹಿಮ್ಮಡಿ ಮಾತ್ರ ಹೆಜ್ಜೆಗೊಮ್ಮೆ ಎದ್ದು ಬೀಳುತ್ತಿತ್ತು. ಎರಡು ಕಾಲುಚೀಲ ಹಾಕಿಕೊಂಡು, ದಾರ ಬಿಗಿದು, 'ನಡೀತದೆ ಬುಡಮ್ಮ' ಅಂದಳು. ಬೂಟನ್ನು ಕಾಲಿಗೆ ಪಳಗಿಸಬೇಕೆಂದು ಒಂದು ಭಾನುವಾರ ಶಾಲೆಯ ಇನ್ನಿಬ್ಬರು ಟೀಚರುಗಳ ಜೊತೆ ಮಧುಗಿರಿ ಬೆಟ್ಟಕ್ಕೆ ಹೊರಟಳು. ನೀವು ಆಗಲೇ ರಜೆಗೆ ಹೋಗಿದ್ದಿರಿ. ಸೋಲಾರ್ ಪ್ಲಾಂಟಿನಲ್ಲಿ ಕೆಲಸವಿದ್ದುದರಿಂದ ನಿಮ್ಮಪ್ಪ ಆ ವಾರ ಪಾವಗಡದಿಂದ ಬಂದಿರಲಿಲ್ಲ. ಒಬ್ಬಳೇ ಮನೆಯಲ್ಲಿರಲಾರದೆ ನಾನೂ ಹೋಗಿ ಕೆಳಗಿನ ಕೋಟೆ ಬಾಗಿಲ ನೆರಳಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದು ಕೆಂಡವಾಗುತ್ತದೆಂದು ಅವರು ಬೆಳಿಗ್ಗೆಯೇ ಹತ್ತಿದ್ದರು. ಸ್ವಲ್ಪ ಹೊತ್ತು ಅವಳ ಕೆಂಪು ಟೋಪಿ ಕಾಣುತ್ತಿತ್ತು. ಆಮೇಲೆ ಬಂಡೆಯ ಬೆನ್ನು ಅದನ್ನು ನುಂಗಿಕೊಂಡಿತು. ಬಿಸಿಲೇರಿತು. ಪಾವಗಡದ ದಿಕ್ಕಿನಲ್ಲಿ ಮೋಡ ಎದ್ದು ನಿಂತಿತು, ಕೆಳಗೆ ಕಪ್ಪು, ಮೇಲೆ ಹತ್ತಿಯ ಹಾಗೆ ಬಿಳುಪು. ಗಾಳಿ ಇರಲಿಲ್ಲ. ಯಾವಾಗಲೂ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವ ಕೋತಿಗಳು ಆ ದಿನ ನನ್ನ ಚೀಲದ ಕಡೆ ತಿರುಗಿಯೂ ನೋಡದೆ ಗೋಡೆಯ ಸಂದಿಯಲ್ಲಿ ಮುದುಡಿ ಕೂತಿದ್ದವು. ಆ ಊರಲ್ಲಿ ಇಷ್ಟು ವರ್ಷ ಇದ್ದು ಕೋತಿ ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ.

ಟೀಚರುಗಳಿಬ್ಬರೂ ಮೊದಲು ಇಳಿದು ಬಂದರು. 'ಬರ್ತಾವ್ರೆ ಕಣಮ್ಮ, ಕಾಲು ಸ್ವಲ್ಪ...' ಎಂದು ಒಬ್ಬಾಕೆ ಮಾತು ನಿಲ್ಲಿಸಿದಳು. ಆಮೇಲೆ ನಿಮ್ಮಮ್ಮ ಬಂದಳು. ಕಬ್ಬಿಣದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೂ ಪಕ್ಕಕ್ಕೆ ತಿರುಗಿ ಕಾಲಿಡುತ್ತಾ ಇಳಿಯುತ್ತಿದ್ದಳು. ಹತ್ತುವಾಗ ಏನೂ ಆಗಿರಲಿಲ್ಲ. ಇಳಿಯುವಾಗ ಸಡಿಲ ಬೂಟಿನಲ್ಲಿ ಪಾದವೆಲ್ಲ ಮುಂದೆ ಜಾರಿ, ಬೆರಳುಗಳು ಬೂಟಿನ ಮೂತಿಗೆ ಹೊಡೆದುಕೊಂಡಿದ್ದವು.

ಬೂಟು ಕಳಚಲು ನಾನೇ ಕೂತೆ. ಬಲಗಾಲಿನ ಎರಡನೇ ಬೆರಳು ಉಂಗುರದ ಆಚೆ ಈಚೆ ಊದಿ, ನಡುವೆ ಬೆಳ್ಳಿ ಮಾಂಸದೊಳಗೆ ಹೂತುಹೋಗಿತ್ತು. ಉಗುರಿನ ಕಡೆ ಬೆರಳು ಕೆಂಪಾಗಿರಲಿಲ್ಲ. ಕೆಂಪಿನಿಂದ ಮುಂದೆ ಹೋಗಿತ್ತು.

ಆ ಬಣ್ಣವನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ.

'ನೋಯ್ತಾ ಐತಾ?' ಎಂದು ಕೇಳಿದೆ.

'ಆಗ್ಲೇ ಸಿಕ್ಕಾಪಟ್ಟೆ ನೋಯ್ತಿತ್ತು. ಈಗ ಇಲ್ಲಮ್ಮ' ಅಂದಳು. ನಿಮ್ಮ ತಾತನಿಗೂ ನೋವು ತಿಳಿದಿರಲಿಲ್ಲ.

ಮನೆಗೆ ಬಂದು ಎಣ್ಣೆ ಹಚ್ಚಿದೆವು, ಸೋಪು ಹಚ್ಚಿದೆವು, ದಾರ ಸುತ್ತಿ ಬಿಚ್ಚಿ ನೋಡಿದೆವು. ಉಂಗುರ ಅಲುಗಲಿಲ್ಲ. ಡಾಕ್ಟರ ಹತ್ತಿರ ಹೋದೆವು. ಅವರು ಬೆರಳು ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. 'ಇಷ್ಟು ದಪ್ಪದ ಬೆಳ್ಳಿಯನ್ನು ಕತ್ತರಿಸೋಕೆ ಅಕ್ಕಸಾಲಿಗರ ಹತ್ತಿರಾನೇ ಹೋಗಿ. ಈಗಲೇ ಹೋಗಿ, ನಾಳೆ ಅನ್ನಬೇಡಿ. ಕತ್ತರಿಸಿದ ಮೇಲೆ ನನಗೆ ತೋರಿಸಿ' ಅಂದರು.

ಆಟೋದಲ್ಲಿ ನಿಮ್ಮಮ್ಮ ನಿಮ್ಮಪ್ಪನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಕ್ಯಾತಗಾನಚೆರ್ಲು ಕಡೆ ಸೋಲಾರ್ ಫಲಕಗಳ ನಡುವೆ ಕೆಲಸದಲ್ಲಿರುವಾಗ ಅವರು ಫೋನು ಎತ್ತುವುದು ಕಡಿಮೆ ಎಂದು ನಿಮಗೂ ಗೊತ್ತು. ಕೊನೆಗೆ ಅವಳು ಅತ್ತೆಗೆ ಫೋನು ಮಾಡಿದಳು. ವಿಷಯ ಕೇಳಿದ್ದೇ ಅವರು ಫೋನನ್ನು ನನ್ನ ಕೈಗೆ ಕೊಡಿಸಿದರು. ಅವರ ಕಡೆ ತೆಲುಗು ಬೆರೆತ ಮಾತು, ಬೀಗಿತಿಯನ್ನು ವದಿನಾ ಎನ್ನುತ್ತಾರೆ.

'ವದಿನಾ, ನಿಮ್ಮ ಕಾಲು ಮುಗೀತೀನಿ. ನಾ ಕೊಡುಕು, ನನ್ನ ಮಗ, ಬರೋಗಂಟ ಮುಟ್ಬೇಡಿ. ಇಲ್ಲಿ ಮೋಡ ಕಪ್ಪಗೈತೆ, ಸಿಡಿಲು ಹೊಡೀತಾ ಐತೆ, ಅವನು ಆ ತಂತಿಗಳ ಮಧ್ಯೆ ಅವ್ನೆ. ಫಲಕದ ಕೆಳಗೆ ನೆರಳಿಗೆ ಹಾವು ಮಲಗಿರ್ತವೆ. ಅವನು ಮನೆಗೆ ಬಂದು, ಅವನ ಕೈಯಿಂದ ತೆಗೀಲಿ. ವದ್ದು ವದಿನಾ, ಈಗ ಬ್ಯಾಡ.'

'ಬೆರಳು ಹೋಗ್ತದಂತೆ' ಅಂದೆ.

'ಬೆರಳು ಒಂದು ಹೋದ್ರೆ ಹೋಗ್ಲಿ. ಇನ್ನೂ ಒಂಬತ್ತು ಇರ್ತವೆ. ನಂಗೆ ಮಗ ಒಬ್ನೇ.'

ನೀವು ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ತಾಯಿಗೆ ಹೆದರಿಕೆ ಹುಟ್ಟಿದರೆ ಬಾಯಿಗೆ ಬಾಗಿಲಿರುವುದಿಲ್ಲ. ಬೆರಳು ಒಂದೇ ಹೋಗುವುದಿಲ್ಲ ಎಂದು ನಾನು ಅವರಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಫೋನು ಕೊಟ್ಟುಬಿಟ್ಟೆ.

ಅಕ್ಕಸಾಲಿಗರದು ಪೇಟೆಬೀದಿಯಲ್ಲಿ ಎರಡು ಆಳು ಕೂರುವಷ್ಟೇ ಜಾಗದ ಅಂಗಡಿ. ವಯಸ್ಸಾದವರು. ಕಾಲನ್ನು ತಿರುಗಿಸಿ ನೋಡಿ, ಮಣೆಯ ಮೇಲಿದ್ದ ಕತ್ತರಿಗೆ ಕೈ ಹಾಕಿದವರು, ಅವಳ ಕತ್ತಿನ ತಾಳಿ ನೋಡಿ ಕೈ ಹಿಂದೆ ತೆಗೆದುಕೊಂಡರು.

'ಯಜಮಾನ್ರು ಎಲ್ಲವ್ರೆ?'

'ಡ್ಯೂಟಿಲವ್ರೆ.'

'ಅವ್ರನ್ನ ಕರ್ಕಂಡು ಬಾ ತಾಯಿ. ಅವ್ರು ಒಂದು ಸಲ ಮುಟ್ಲಿ, ಆಮೇಲೆ ನಾನು ಕೆಲ್ಸ ಮಾಡ್ತೀನಿ. ಗಂಡ ಇರೋ ಹೆಣ್ಣಿನ ಕಾಲುಂಗುರಕ್ಕೆ ನಮ್ಮಪ್ಪನೂ ಕತ್ತರಿ ಹಾಕ್ಲಿಲ್ಲ, ನಾನೂ ಹಾಕಾಕಿಲ್ಲ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ಜನ ನನ್ನ ಅಂಗ್ಡಿ ತೋರಿಸ್ತಾರೆ.'

'ಪಾವಗಡದಿಂದ ಬರೋ ಹೊತ್ಗೆ ಬೆರಳು ಇರಲ್ಲ ಸ್ವಾಮಿ!' ಎಂದು ನಿಮ್ಮಮ್ಮ ರೇಗಿದಳು. ಅವರು ತಲೆ ತಗ್ಗಿಸಿ ಕೂತರು. ಹೊರಗೆ ಗಾಳಿ ಎದ್ದು, ಬೀದಿಯ ಧೂಳು ಒಳಗೆ ಬಂತು. ಎದುರಿನ ಅಂಗಡಿಯವರು ಶಟರು ಎಳೆಯತೊಡಗಿದರು. ಬೆರಳು ಇನ್ನಷ್ಟು ಕಪ್ಪಾಗಿತ್ತೋ, ಮೋಡದಿಂದ ಹಾಗೆ ಕಂಡಿತೋ ಗೊತ್ತಿಲ್ಲ.

'ಕತ್ತರಿ ಇತ್ತ ಕೊಡಿ' ಅಂದೆ.

ಇಬ್ಬರೂ ನನ್ನನ್ನು ನೋಡಿದರು. ಅಕ್ಕಸಾಲಿಗರು ನೋಡಿದ್ದು ನನ್ನ ಹಣೆಯನ್ನು, ಬರಿ ಕತ್ತನ್ನು. 'ನೀವಾ? ನೀವು ಮುಟ್ಟಬಾರ್ದು ಕಣಮ್ಮ' ಅಂದರು ಮೆಲ್ಲಗೆ.

ನನಗೆ ತಿಳಿಯದೇ? ಕಾಲುಂಗುರ ತೆಗೆಯಲು ನನ್ನಂಥವಳ ಕೈ ಯಾವ ದಿನ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳ ಮದುವೆಯ ದಿನ ಬದುಕಿದ್ದ ಗಂಡ ಎದುರು ಬಂದು ನಿಂತಂತಾಯಿತು, ಆ ಶೂ ಹಾಕಿಕೊಂಡು. ಅಂದೂ ನಾನು ಶೂ ಬಿಗಿಯಾಗಿರುವುದನ್ನು ನೋಡಿದ್ದೆ, ಬೀಗರ ನಡುವೆ ಬಾಯಿ ಬಿಡಲು ನಾಚಿ ಸುಮ್ಮನಿದ್ದೆ.

ನಿಮ್ಮಮ್ಮನ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. 'ಹಾಕಮ್ಮ' ಅಂದಳು ಅವಳು, ಕಣ್ಣು ಮುಚ್ಚಿ. ಅಕ್ಕಸಾಲಿಗರು ಕತ್ತರಿಯನ್ನು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ತೆಳುವಾದ ತಗಡೊಂದನ್ನೂ ಇಟ್ಟು, 'ಇದನ್ನ ಉಂಗುರದ ಕೆಳಗೆ ತೂರಿಸಿ. ಚರ್ಮ ಕೊಯ್ದೀತು' ಎಂದು ಗೋಡೆಯ ಕಡೆ ತಿರುಗಿ ಕೂತರು. ಒಂದೊಂದು ಸುತ್ತಿಗೂ ಎರಡು ಕೈಯ ಬಲ ಹಾಕಬೇಕಾಯಿತು. ಮೂರನೆಯದು ಕಡಿದಾಗ ಟಕ್ ಎಂದು ಶಬ್ದ ಬಂತು. ಸರಿಯಾಗಿ ಆಗಲೇ ಎಲ್ಲೋ ದೂರದಲ್ಲಿ ಗುಡುಗಿತು. ನಾವು ಮೂವರೂ ಬೆಚ್ಚಿದೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಎಡಗಾಲಿನದನ್ನೂ ಕತ್ತರಿಸು ಅಂದಳು. ಅದು ಊದಿರಲಿಲ್ಲ. ಆದರೆ ಬೂಟಿಗೆ ಅಡ್ಡವೆಂದರೆ ಎರಡೂ ಅಡ್ಡವೇ. ಕತ್ತರಿಸಿದೆ.

ಮತ್ತೆ ಡಾಕ್ಟರಿಗೆ ತೋರಿಸಿ, ಮನೆಗೆ ಬರುವ ದಾರಿಯಲ್ಲಿ ನಿಮ್ಮಪ್ಪನಿಗೆ ಫೋನು ಮಾಡುತ್ತಲೇ ಇದ್ದೆವು. ರಿಂಗಾಗುತ್ತದೆ, ನಿಲ್ಲುತ್ತದೆ. ಮಳೆ ಶುರುವಾಯಿತು. ಕರೆಂಟು ಹೋಯಿತು. ನಿಮ್ಮಮ್ಮ ಬ್ಯಾಂಡೇಜು ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ಬೆರಳಿನ ಬಣ್ಣ ಮೆಲ್ಲಗೆ ಕೆಂಪಿಗೆ ತಿರುಗುತ್ತಿರುವುದನ್ನು ಅಷ್ಟು ಹೊತ್ತಿಗೆ ನಾನು ನೋಡಿದ್ದೆ. ಆದರೂ ಸಂತೋಷಪಡುವ ಧೈರ್ಯ ಬರಲಿಲ್ಲ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕೊಟ್ಟುಬಿಟ್ಟೆನೇನೋ ಎಂದು ದೀಪದ ಮುಂದೆ ಕೂತಿದ್ದೆ.

ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

'ಏನೇ, ಇಷ್ಟು ಸಲ ಮಾಡಿದೀಯ? ಮಳೆಗೆ ಶೆಡ್ಡಲ್ಲಿ ಕೂತಿದ್ದೆ, ಫೋನು ಬ್ಯಾಗಲ್ಲಿತ್ತು.'

ಅವಳು ಎಲ್ಲ ಹೇಳಿದಳು.

'ನನ್ನ ಪ್ರಾಣ ನಿನ್ನ ಕಾಲ್ಬೆರಳಲ್ಲಿತ್ತಾ? ಮೊದ್ಲೇ ಹೇಳಿದ್ರೆ ನಿನ್ನನ್ನ ಕಬಡ್ಡಿ ಆಡಾಕೇ ಬುಡ್ತಿರ್ಲಿಲ್ವಲ್ಲೇ' ಎಂದು ನಕ್ಕರು. ಆಮೇಲೆ, 'ಅತ್ತೆ ಅವ್ರಾ ಅಲ್ಲಿ? ಅತ್ತೆ, ಒಳ್ಳೇದ್ ಮಾಡಿದ್ರಿ ಬುಡಿ' ಅಂದರು. ಅಷ್ಟರಲ್ಲಿ ನಾನು ಒಳಗೆ ಹೋಗಿ ಅಳುತ್ತಿದ್ದೆ.

ಬೆರಳು ವಾಸಿಯಾದ ಮೇಲೆ ಮತ್ತೆ ಶಿರಾಕ್ಕೆ ಹೋದೆವು. ಆ ಬೂಟು ಇನ್ನೂ ಅಲ್ಲೇ ಇತ್ತು. ಸಾಹೇಬರು ತಾವೇ ಬಗ್ಗಿ ಕಾಲುಚೀಲ ಎಳೆಯಲು ಹೋದವರು, ಬರಿಯ ಬೆರಳನ್ನೂ ಅದರ ಸುತ್ತ ಬೆಳ್ಳಗೆ ಉಳಿದಿದ್ದ ಗೆರೆಯನ್ನೂ ನೋಡಿದರು. ಅವರ ಮುಖ ಬಾಡಿತು.

'ಯಾ ಅಲ್ಲಾ. ಈ ವಯಸ್ಸಿಗೇ...' ಎಂದು ನನ್ನ ಕಡೆ ತಿರುಗಿ ಕೈ ಎದೆಗೆ ಇಟ್ಟುಕೊಂಡರು.

'ಅಯ್ಯೋ, ನಮ್ಮ ಯಜಮಾನ್ರು ಚೆನ್ನಾಗವ್ರೆ ಸಾಹೇಬ್ರೆ! ಬೂಟಿಗೋಸ್ಕರ ತೆಗೆದದ್ದು' ಎಂದು ನಿಮ್ಮಮ್ಮ ಗಟ್ಟಿಯಾಗಿ ನಕ್ಕಳು. ಅವರೂ ನಗಲು ನೋಡಿದರು. ನನಗೆ ನಗು ಬರಲಿಲ್ಲ. ನೋಡಿದವರೆಲ್ಲ ಮೊದಲು ಅದನ್ನೇ ತಿಳಿಯುತ್ತಾರೆ, ತಿಳಿದು ಮನಸ್ಸಿನಲ್ಲಿ ಮರುಗುತ್ತಾರೆ. ಅಷ್ಟು ಜನ ಮರುಗಿದರೆ ಅದೇನಾದರೂ ಆಗಿಬಿಡುತ್ತದೇನೋ ಎಂದು ಅಂದಿನಿಂದ ನನಗೊಂದು ಅಂಜಿಕೆ.

ಬೂಟು ಸರಿಯಾಯಿತು. ಒತ್ತಲಿಲ್ಲ, ಸಡಿಲವಾಗಲಿಲ್ಲ, ಹಿಮ್ಮಡಿ ಏಳಲಿಲ್ಲ. ಅಂಗಡಿಯ ಮೆಟ್ಟಿಲನ್ನು ಹತ್ತಿಳಿದು ನೋಡಿದಳು. ಬೆರಳುಗಳನ್ನು ಒಳಗೇ ಆಡಿಸಿ, 'ಎಲ್ಲ ಆಡ್ತವೆ ಅಮ್ಮ' ಅಂದಳು. ಆಮೇಲೆ ದಿನಾ ಅವುಗಳಲ್ಲೇ ಊರೆಲ್ಲ ತಿರುಗಿದಳು, ಬೆಟ್ಟಕ್ಕೆ ಹೋಗಿ ಬಂದಳು. ಪ್ರತಿಸಲವೂ ನಾನು ಬೆರಳು ನೋಡಿದೆ. ಬಣ್ಣ ಬದಲಾಗಿರಲಿಲ್ಲ.

ಅವಳು ಹೊರಟ ದಿನ ಪಾವಗಡದ ಅಜ್ಜಿ ಬರಲಿಲ್ಲ. ನಿಮ್ಮಪ್ಪ ಬಂದು ಬಸ್ಸು ಹತ್ತಿಸಿ, ಅಲ್ಲಿಂದಲೇ ಕೆಲಸಕ್ಕೆ ಹೋದರು. ಅವಳು ಮೇಲಿನ ಕ್ಯಾಂಪಿಗೆ ಹೋಗುವ ಮುಂಚೆ ಒಂದು ಸಲ ಫೋನು ಮಾಡಿ, ಕಾಲು ಬೆಚ್ಚಗಿದೆ, ಇನ್ನು ಮುಂದೆ ನೆಟ್‌ವರ್ಕ್ ಇರುವುದಿಲ್ಲ ಅಂದಳು.

ಕತ್ತರಿ ಹಾಕಿದ ದಿನದಿಂದ ನಿಮ್ಮ ಪಾವಗಡದ ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದರು. ನಿನ್ನೆ ಸಂಜೆ ಅವರೇ ಫೋನು ಮಾಡಿದರು.

'ವದಿನಾ, ಕಾಲು ಹೆಂಗೈತಂತೆ ಅವಳದ್ದು?'

'ಕಡೇ ಸಲ ಮಾಡ್ದಾಗ ಚೆನ್ನಾಗಿತ್ತು.'

'ಅವನು ಇನ್ನೂ ಮನೆಗೆ ಬಂದಿಲ್ಲ' ಅಂದರು. 'ಇಷ್ಟೊತ್ಗೆ ಬರ್ತಿದ್ದ.'

ಬರ್ತಾರೆ ಬಿಡಿ ಎಂದು ಹೇಳುವುದಕ್ಕೆ ನನಗೆ ಬಾಯಿಲ್ಲ. ಅವರೂ ಫೋನು ಇಡಲಿಲ್ಲ. ನೀವು ಜಗುಲಿಯ ಮೇಲೆ ಜಗಳವಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಾವಿಬ್ಬರೂ ಸುಮ್ಮನೆ ಒಬ್ಬರ ಉಸಿರು ಒಬ್ಬರು ಕೇಳುತ್ತಾ ಕೂತೆವು, ಬೈಕಿನ ಸದ್ದು ಬರುವವರೆಗೆ.

'ಬಂದ' ಅಂದರು. ಸ್ವಲ್ಪ ತಡೆದು, 'ಅವಳು ಬಂದ ಮೇಲೆ ನಂಗೆ ಹೇಳಿ ವದಿನಾ' ಎಂದು ಇಟ್ಟರು.

ಹೂಂ ಅಂದೆ. ಅವರು ಆಗಲೇ ಇಟ್ಟಿದ್ದರು. ಫೋನನ್ನು ಚಾರ್ಜಿಗೆ ಹಾಕಿ, ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಇವತ್ತೂ ಬೆಳಗಿನಿಂದ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮ್ಮಮ್ಮನಿಂದ ಇನ್ನೂ ಏನೂ ಸುದ್ದಿ ಇಲ್ಲ.